ಫಿಲಿಪೀನ್ಸಿನ ಹಳೆಯ ಪಟ್ಟಣಗಳ ಪ್ರವಾಸ: ನಿವೃತ್ತ ಗೆಳೆಯರ ಗುಂಪಿಗೆ ಎಷ್ಟು ಒಪ್ಪುತ್ತದೆ?

ಕಾರವಾರದ ಕಾಲೇಜಿನಲ್ಲಿ ಒಟ್ಟಿಗೆ ಓದಿ, ಈಗ ಶಿರಸಿ, ಕುಮಟಾ, ಅಂಕೋಲಾಗಳಲ್ಲಿ ಚದುರಿಹೋಗಿರುವ ನಮ್ಮ ಗೆಳೆಯರ ಗುಂಪು ಕಳೆದ ಚಳಿಗಾಲದಲ್ಲಿ ಪ್ರವಾಸ ಸಂಸ್ಥೆಯೊಂದರ ಮೂಲಕ ಫಿಲಿಪೀನ್ಸಿನ ಪಾರಂಪರಿಕ ಪಟ್ಟಣಗಳನ್ನು ನೋಡಿಬಂದಿತು. ಆ ದೇಶದ ಕಡಲತೀರಗಳನ್ನು ತೋರಿಸುವ ಪ್ಯಾಕೇಜುಗಳು ಬೇಕಾದಷ್ಟಿವೆ. ಮನೆಯ ಅಂಗಳದಿಂದಲೇ ಸಮುದ್ರದ ಸದ್ದು ಕೇಳುವ ನಮ್ಮಂಥವರು ಅದಕ್ಕಾಗಿ ವಿಮಾನ ಹತ್ತಬೇಕಾಗಿಲ್ಲ. ಹಳೆಯ ಮನೆ, ಹಳೆಯ ಚರ್ಚು, ಹಳೆಯ ಬೀದಿಗಳನ್ನೇ ಮುಖ್ಯವಾಗಿಟ್ಟುಕೊಂಡ ಪ್ರವಾಸ ಎಂಬ ಕಾರಣಕ್ಕೆ ಇದನ್ನು ಆರಿಸಿಕೊಂಡೆವು. ವಿಗನ್ ಪಟ್ಟಣದ ಭಾಗ ಕೊಟ್ಟ ಹಣಕ್ಕೆ ಪೂರ್ತಿಯಾಗಿ ಸಲ್ಲುತ್ತದೆ, ಮನಿಲಾದ ಭಾಗ ಮತ್ತು ಊಟದ ವ್ಯವಸ್ಥೆ ಸಲ್ಲುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಪ್ರವೇಶದ ವಿಷಯದಲ್ಲಿ ತೊಡಕಿಲ್ಲ. 2025ರ ಜೂನ್‌ನಿಂದ ಭಾರತೀಯರು ಪ್ರವಾಸಕ್ಕಾಗಿ 14 ದಿನಗಳವರೆಗೆ ವೀಸಾ ಇಲ್ಲದೆ ಅಲ್ಲಿಗೆ ಹೋಗಬಹುದು. ಕನಿಷ್ಠ ಆರು ತಿಂಗಳು ಅವಧಿ ಉಳಿದಿರುವ ಪಾಸ್‌ಪೋರ್ಟ್, ಮರಳಿ ಬರುವ ಟಿಕೆಟ್, ವಸತಿಯ ದಾಖಲೆ ಮತ್ತು ಖರ್ಚಿಗೆ ಹಣವಿದೆ ಎಂಬುದಕ್ಕೆ ಪುರಾವೆ ಇರಬೇಕು. ತಲುಪುವ ಮೊದಲು ಇ-ಟ್ರಾವೆಲ್ ಎಂಬ ಉಚಿತ ಆನ್‌ಲೈನ್ ನೋಂದಣಿಯನ್ನೂ ಮಾಡಿಕೊಳ್ಳಬೇಕು. ಸಂಸ್ಥೆಯವರು ಇದೆಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿಕೊಟ್ಟರು.

ಮನಿಲಾದಲ್ಲಿ ಕೋಟೆಯೊಳಗಿನ ಇಂಟ್ರಾಮುರೋಸ್ ಪ್ರದೇಶವನ್ನು ತೋರಿಸಿದ್ದು ಸರಿಯಾಗಿತ್ತು. 1945ರ ಯುದ್ಧದಲ್ಲಿ ಆ ಹಳೆಯ ನಗರ ಬಹುತೇಕ ನೆಲಸಮವಾದಾಗ 1607ರಲ್ಲಿ ಪೂರ್ಣಗೊಂಡಿದ್ದ ಸಾನ್ ಅಗಸ್ಟಿನ್ ಚರ್ಚು ಉಳಿದುಕೊಂಡಿತು ಎಂಬುದನ್ನು ತಿಳಿದ ಮೇಲೆಯೇ, ಮುಂದೆ ನೋಡಲಿರುವ ಪಟ್ಟಣಗಳು ಎಷ್ಟು ಅಪರೂಪವೆಂಬುದು ಅರ್ಥವಾಗುತ್ತದೆ. ಆದರೆ ಚರ್ಚಿಗೆ ಅರ್ಧ ಗಂಟೆ ಕೊಟ್ಟು ಶಾಪಿಂಗ್ ಮಾಲಿಗೆ ಅರ್ಧ ದಿನ ಕೊಟ್ಟದ್ದು ಯಾವ ಲೆಕ್ಕವೋ ತಿಳಿಯಲಿಲ್ಲ. ಮಾಲಿನ ಬೆಂಚುಗಳ ಮೇಲೆ ಸಾಲಾಗಿ ಕುಳಿತು ಮೊಮ್ಮಕ್ಕಳ ಫೋಟೊ ನೋಡುವುದಕ್ಕೆ ನಾವು ಊರಲ್ಲೇ ಇರಬಹುದಿತ್ತು.

ಮನಿಲಾದಿಂದ ವಿಗನ್‌ಗೆ ಸುಮಾರು 400 ಕಿಲೋಮೀಟರ್ ಇದ್ದು, ವ್ಯಾನಿನಲ್ಲಿ ಇಡೀ ಹಗಲು ಬೇಕಾಗುತ್ತದೆ. ದಾರಿಯಲ್ಲಿ ಸಿಗುವ ಸಾಂತಾ ಮರಿಯಾ ಚರ್ಚು ಗುಡ್ಡದ ಮೇಲಿದ್ದು, ಎಂಬತ್ತಕ್ಕೂ ಹೆಚ್ಚು ಮೆಟ್ಟಿಲು ಹತ್ತಬೇಕು ಎಂಬುದನ್ನು ಮೊದಲೇ ತಿಳಿಸಿದ್ದರೆ ಮಂಡಿನೋವಿನವರು ಕೋಲು ತರುತ್ತಿದ್ದರು.

ವಿಗನ್ ಮಾತ್ರ ಈ ಪ್ರವಾಸದ ಜೀವ. ಸ್ಪೇನಿನ ಹುವಾನ್ ದೆ ಸಾಲ್ಸೆದೊ 1572ರಲ್ಲಿ ವಸಾಹತು ಪಟ್ಟಣವಾಗಿ ಸ್ಥಾಪಿಸಿದ ಈ ಊರು 1999ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕಲ್ಲುಹಾಸಿನ ಕ್ರಿಸೋಲೋಗೊ ಬೀದಿಯಲ್ಲಿ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ. ನಡೆಯುವವರು ಮತ್ತು ಕಲೆಸಾ ಎಂಬ ಕುದುರೆಗಾಡಿಗಳು ಮಾತ್ರ. ಇಕ್ಕೆಲದ ಮನೆಗಳ ಕೆಳಗಿನ ಅಂತಸ್ತು ಸುಣ್ಣದ ಗಾರೆ ಬಳಿದ ದಪ್ಪ ಇಟ್ಟಿಗೆಯದು, ಮೇಲಿನದು ಮರದ್ದು. ಕೆಳಗೆ ಗಾಡಿ ಮತ್ತು ಸರಕು, ಮೇಲೆ ಸಂಸಾರ. ಭೂಕಂಪದ ನಾಡಿನಲ್ಲಿ ಮೇಲ್ಭಾಗ ಹಗುರವಾಗಿ, ಬಾಗುವಂತಿರಬೇಕು ಎಂಬ ತಿಳಿವಳಿಕೆಯೂ ಈ ರಚನೆಯಲ್ಲಿದೆ. ನಮ್ಮ ಸ್ಥಳೀಯ ಮಾರ್ಗದರ್ಶಿ ಶಾಲಾ ಶಿಕ್ಷಕಿಯಾಗಿ ನಿವೃತ್ತರಾದವರು. ಹುಸಿ ರೋಚಕತೆಯಿಲ್ಲದೆ, ಒಂದು ಮನೆಯ ಮುಂದೆ ಇಪ್ಪತ್ತು ನಿಮಿಷ ನಿಲ್ಲಿಸಿ ವಿವರಿಸುವಷ್ಟು ತಾಳ್ಮೆ ಅವರಿಗಿತ್ತು. ಈ ಸಂಸ್ಥೆಯ ಸೇವೆಯಲ್ಲಿ ಅತ್ಯುತ್ತಮ ಅಂಶ ಯಾವುದೆಂದರೆ ಅವರೇ.

ಕಿಟಕಿಗಳ ಬಗ್ಗೆ ಎರಡು ಮಾತು ಹೆಚ್ಚು ಬರೆಯಬೇಕು. ಜಾರುಬಾಗಿಲಿನ ಮರದ ಚೌಕಟ್ಟುಗಳಿಗೆ ಗಾಜಿನ ಬದಲು ಕಾಪಿಸ್ ಎಂಬ ಸಮುದ್ರ ಚಿಪ್ಪಿನ ತೆಳುವಾದ ಚೌಕಗಳನ್ನು ಕೂರಿಸಿದ್ದಾರೆ. ಬೆಳಕು ಸೋಸಿ ಒಳಗೆ ಬರುತ್ತದೆ, ಬಿಸಿಲು ಬರುವುದಿಲ್ಲ. ಕಿಟಕಿಯ ಕೆಳಗೆ, ನೆಲದ ಮಟ್ಟದಲ್ಲಿ, ಗಾಳಿಗಾಗಿ ಇನ್ನೊಂದು ಪುಟ್ಟ ಕಿಟಕಿ. ಕಾಳಿ ಸೇತುವೆ ದಾಟಿ ಗೋವೆಗೆ ಹೋಗಿಬರುವ ನಮ್ಮ ಕಡೆಯವರು ಅಲ್ಲಿನ ಹಳೆಯ ಮನೆಗಳಲ್ಲೂ ಚಿಪ್ಪಿನ ಕಿಟಕಿಗಳನ್ನು ಕಂಡಿರುತ್ತಾರೆ. ಅಲ್ಲಿ ಆಳಿದವರು ಪೋರ್ಚುಗೀಸರು, ಇಲ್ಲಿ ಸ್ಪೇನಿನವರು. ಕಡಲಿನ ಚಿಪ್ಪು ಎರಡೂ ಕಡೆ ಬೆಳಕಿಗೆ ಒದಗಿದೆ. ಹೆದ್ದಾರಿ ಅಗಲಗೊಂಡಾಗ ಉರುಳಿದ ನಮ್ಮ ಕರಾವಳಿಯ ಹೆಂಚಿನ ಮನೆಗಳ ಮಾತು ಆ ಸಂಜೆ ಗುಂಪಿನಲ್ಲಿ ಬಹಳ ಹೊತ್ತು ನಡೆಯಿತು.

ಬುರ್ನಾಯ್ ಎಂಬ ಗಟ್ಟಿ ಮಣ್ಣಿನ ಜಾಡಿಗಳನ್ನು ಮಾಡುವ ಕುಂಬಾರಿಕೆಯ ಕಾರ್ಯಾಗಾರಗಳನ್ನೂ ನೋಡಿದೆವು. ಕಬ್ಬಿನ ಹಾಲಿನಿಂದ ಮಾಡುವ ಬಾಸಿ ಎಂಬ ಮದ್ಯ ಹುದುಗುವುದು ಇಂಥ ಜಾಡಿಗಳಲ್ಲೇ. ಅದೇ ಬಾಸಿಯ ಮೇಲೆ ಸ್ಪೇನಿನ ಆಡಳಿತ ಹೇರಿದ ನಿರ್ಬಂಧದ ವಿರುದ್ಧ 1807ರಲ್ಲಿ ಜನ ದಂಗೆಯೆದ್ದರು. ಅದನ್ನು ಎಸ್ತೆಬಾನ್ ವಿಯ್ಯಾನುಯೆವಾ 1821ರಲ್ಲಿ ಬರೆದ 14 ಚಿತ್ರಗಳ ಸಾಲು ವಿಗನ್‌ನ ವಸ್ತುಸಂಗ್ರಹಾಲಯದಲ್ಲಿದೆ. ಕಾರ್ಯಕ್ರಮದ ಪಟ್ಟಿಯಲ್ಲಿ ಅದು ಇರಲಿಲ್ಲ, ಕೇಳಿ ಹೋಗಬೇಕು.

ಅಲ್ಲಿಂದ ಉತ್ತರಕ್ಕಿರುವ ಪಾವಾಯ್ ಚರ್ಚು 1710ರಲ್ಲಿ ಪೂರ್ಣಗೊಂಡದ್ದು. ಅದರ ಎರಡೂ ಬದಿಗೆ ಹೊರಚಾಚಿದ ಭಾರಿ ಆಸರೆಗೋಡೆಗಳು, ಗೊನೆ ಹೊತ್ತ ಬಾಳೆಗೆ ಕೊಟ್ಟ ಊರೆಗೋಲುಗಳಂತೆ, ಕಟ್ಟಡವನ್ನು ಹಿಡಿದು ನಿಂತಿವೆ. ಹವಳದ ಕಲ್ಲಿನ ಗಂಟೆಗೋಪುರವನ್ನು ಚರ್ಚಿನಿಂದ ದೂರದಲ್ಲಿ ಕಟ್ಟಲಾಗಿದೆ, ಕಂಪನದಲ್ಲಿ ಅದು ಉರುಳಿದರೂ ಜನರ ಮೇಲೆ ಬೀಳದಿರಲೆಂದು. ಈ ಎಚ್ಚರ ಸುಮ್ಮನೆಯದಲ್ಲ: 2022ರ ಜುಲೈ 27ರ ಭೂಕಂಪದಲ್ಲಿ ವಿಗನ್‌ನ ಅನೇಕ ಹಳೆಯ ಮನೆಗಳಿಗೂ ಪಕ್ಕದ ಬಾಂತಾಯ್‌ನ ಗಂಟೆಗೋಪುರಕ್ಕೂ ಪೆಟ್ಟಾಗಿತ್ತು.

ಊಟದ ವಿಷಯಕ್ಕೆ ಬಂದರೆ, ಕಾರವಾರ, ಅಂಕೋಲಾದ ಮೀನೂಟದವರಿಗೆ ಹಬ್ಬವಾಯಿತು. ಶಿರಸಿಯ ಹವ್ಯಕ ಗೆಳೆಯರಿಗೆ ಉಪವಾಸದ ವ್ರತವಾಯಿತು. ಹಾಗಲ, ಬದನೆ, ಬೆಂಡೆ, ಕುಂಬಳ ಹಾಕಿದ ಪಿನಕ್ಬೆಟ್ ಎಂಬ ಪಲ್ಯವನ್ನು ಸಂಸ್ಥೆಯವರು ಸಸ್ಯಾಹಾರವೆಂದೇ ಬಡಿಸಿದರು. ಅದಕ್ಕೆ ಬಾಗೂಂಗ್ ಎಂಬ ಹುದುಗಿಸಿದ ಮೀನಿನ ರಸ ಬೀಳುತ್ತದೆ ಎಂಬುದನ್ನು ಹೇಳಿದ್ದು ಮೀನಿನ ವಾಸನೆ ಗುರುತು ಹಿಡಿದ ಅಂಕೋಲೆಯ ಗೆಳೆಯನೇ. ಸಸ್ಯಾಹಾರದ ಖಾತರಿ ಕೊಟ್ಟು ಹಣ ಪಡೆದ ಮೇಲೆ ಇದು ಕ್ಷಮಿಸುವಂಥ ಲೋಪವಲ್ಲ. ಬಾಳೆಲೆಯಲ್ಲಿ ಸುತ್ತಿ ಸುಟ್ಟ ಅಕ್ಕಿಹಿಟ್ಟು ಮತ್ತು ಕಾಯಿತುರಿಯ ತೂಪಿಗ್, ಹಣ್ಣುಗಳು, ಊರಿನಿಂದ ಒಯ್ದ ಅವಲಕ್ಕಿ ಮತ್ತು ಅಪ್ಪೆಮಿಡಿ ಉಪ್ಪಿನಕಾಯಿ ಅವರನ್ನು ಕಾಪಾಡಿದವು. ಮೊಟ್ಟೆ, ಮಾಂಸ ಬಿಟ್ಟು ಹಸಿ ಪಪ್ಪಾಯಿ ಮಾತ್ರ ತುಂಬಿದ ಎಂಪನಾಡಾವನ್ನು ಬೀದಿಯ ಅಂಗಡಿಯವರು ಕೇಳಿದರೆ ಮಾಡಿಕೊಡುತ್ತಾರೆ. ಎಣ್ಣೆ ಮಾತ್ರ ಎಲ್ಲದಕ್ಕೂ ಒಂದೇ.

ಮನಿಲಾದ ದಕ್ಷಿಣಕ್ಕಿರುವ ತಾಆಲ್ ಪಟ್ಟಣವನ್ನು ಕೊನೆಗೆ ಅವಸರದಲ್ಲಿ ಮುಗಿಸಿದರು. 1754ರ ಜ್ವಾಲಾಮುಖಿಯ ಬಳಿಕ ಸರೋವರದ ದಂಡೆಯಿಂದ ಸ್ಥಳಾಂತರಗೊಂಡ ಊರು ಅದು. ಭವ್ಯವಾದ ಬಸಿಲಿಕಾ, ಕೈಕಸೂತಿಯ ಬಟ್ಟೆಗಳು ಇವೆ. ಒಂದು ರಾತ್ರಿಯಾದರೂ ಉಳಿಯದೆ ಅದನ್ನು ನೋಡಿದಂತಾಗುವುದಿಲ್ಲ.

ಇದೇ ಪ್ರವಾಸವನ್ನು ಯೋಚಿಸುವ ಹಿರಿಯರ ಗುಂಪುಗಳು ಡಿಸೆಂಬರ್‌ನಿಂದ ಫೆಬ್ರುವರಿಯೊಳಗೆ ಹೋಗುವುದು ಒಳ್ಳೆಯದು. ಆ ಭಾಗದಲ್ಲಿ ಆಗ ಮಳೆ ಇರುವುದಿಲ್ಲ. ಮನಿಲಾದಿಂದ ಲಾವೋಗ್‌ಗೆ ವಿಮಾನದಲ್ಲಿ ಹೋಗಿ, ಪಾವಾಯ್ ನೋಡಿಕೊಂಡು ವಿಗನ್‌ಗೆ ಇಳಿದುಬರುವ ವ್ಯವಸ್ಥೆಯನ್ನು ಪಟ್ಟುಹಿಡಿದು ಕೇಳಿ. ಮಾಲಿನ ಅರ್ಧ ದಿನವನ್ನು ತೆಗೆದುಹಾಕಿಸಿ ವಿಗನ್‌ನಲ್ಲಿ ಇನ್ನೊಂದು ರಾತ್ರಿ ಸೇರಿಸಿಕೊಳ್ಳಿ, ಮತ್ತು ಸಸ್ಯಾಹಾರಿಗಳಿದ್ದರೆ ಮೀನಿನ ರಸವೂ ಸಲ್ಲದು ಎಂಬುದನ್ನು ಮುಂಗಡ ಕೊಡುವ ಮೊದಲೇ ಬರಹದಲ್ಲಿ ಪಡೆದುಕೊಳ್ಳಿ.