ತಡೆ ಪೆಪ್ಟೈಡ್, ಎಸ್‌ಐಆರ್‌ಎನ್‌ಎ, ಪಿ53 ಇಲ್ಲದ ಕೋಶ: ಒಂದೇ ಪ್ರತಿಕಾಯಕ್ಕೆ ಮೂರು ಪರೀಕ್ಷೆ

ಕೋಶವನ್ನು ಕ್ಯಾನ್ಸರ್‌ನಿಂದ ಕಾಯುವ ಪಿ53 ಪ್ರೋಟೀನಿನ ಒಂದು ತುಣುಕನ್ನು ಮೊಲಕ್ಕೆ ಚುಚ್ಚಿ ಪಡೆದ, ಅದನ್ನು ಗುರುತಿಸಿ ಅಂಟುವ ಹಲವು ಬಗೆಯ ಅಣುಗಳ ಮಿಶ್ರಣವಾದ ಪಾಲಿಕ್ಲೋನಲ್ ಪ್ರತಿಕಾಯವನ್ನು ಮಡಿಕೇರಿಯ ನಮ್ಮ ಪುಟ್ಟ ಪ್ರಯೋಗಾಲಯದಲ್ಲಿ ಬಳಸತೊಡಗಿದಾಗ, ಎಂಸಿಎಫ್-7 ಸ್ತನ ಕ್ಯಾನ್ಸರ್ ಕೋಶಗಳ ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನುಗಳನ್ನು ಜೆಲ್ಲಿನಲ್ಲಿ ಗಾತ್ರದ ಪ್ರಕಾರ ಬೇರ್ಪಡಿಸಿ, ಮೆಂಬ್ರೇನಿಗೆ ಇಳಿಸಿ, ಪ್ರತಿಕಾಯದಿಂದ ಗುರುತಿಸುವ ವಿಧಾನ) ಒಂದರ ಬದಲು ಎರಡು ಪಟ್ಟಿಗಳು ಮೂಡಿದವು. 53 ಕಿಲೊಡಾಲ್ಟನ್ (ಅಣುತೂಕದ ಅಳತೆ) ಆಸುಪಾಸಿನದು ನಿರೀಕ್ಷಿತವೇ. 40ರ ಹತ್ತಿರದ್ದು ಯಾವುದೆಂದು ತಿಳಿಯಲಿಲ್ಲ. ಪಿ53ಕ್ಕೆ ಗಿಡ್ಡ ರೂಪಗಳೂ ಇರುವುದರಿಂದ ಅದನ್ನೂ ಅದೇ ಮನೆತನಕ್ಕೆ ಸೇರಿಸಿಬಿಡುವ ಆಸೆ ನನಗಿತ್ತು.

ಮೊದಲು ಕೈಗೆತ್ತಿಕೊಂಡದ್ದು ತಡೆ ಪೆಪ್ಟೈಡ್, ಅಂದರೆ ಪ್ರತಿಕಾಯದ ಅಂಟುವ ಜಾಗವನ್ನು ಮೊದಲೇ ತುಂಬಿಬಿಡುವ ಪ್ರೋಟೀನಿನ ಚಿಕ್ಕ ತುಣುಕು, ಏಕೆಂದರೆ ಅದಕ್ಕೆ ಕೋಶ ಬೆಳೆಸುವ ಗೊಡವೆಯಿಲ್ಲ. ಮೊಲಕ್ಕೆ ಚುಚ್ಚಿದ ತುಣುಕನ್ನೇ ತೂಕದಲ್ಲಿ ಪ್ರತಿಕಾಯದ ಐದು ಪಟ್ಟು ಬೆರೆಸಿ, 4 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟು, ಮರುದಿನ ಒಂದೇ ಜೆಲ್ಲಿನಿಂದ ಇಳಿಸಿ ಕತ್ತರಿಸಿದ ಮೆಂಬ್ರೇನ್ ತುಂಡುಗಳಲ್ಲಿ ಒಂದಕ್ಕೆ ಬರಿಯ ಪ್ರತಿಕಾಯವನ್ನೂ ಇನ್ನೊಂದಕ್ಕೆ ಈ ಮಿಶ್ರಣವನ್ನೂ ಹಾಕಿದೆ. ಐದು ಪಟ್ಟು ಕಡಿಮೆಯೆನಿಸಬಹುದು. ಆದರೆ ಪ್ರತಿಕಾಯದ ಅಣುತೂಕ ಸುಮಾರು 1,50,000 ಡಾಲ್ಟನ್, 15 ಅಮೈನೋ ಆಮ್ಲಗಳ ಪೆಪ್ಟೈಡಿನದು ಸುಮಾರು 1,650, ಆದ್ದರಿಂದ ಒಂದು ಪ್ರತಿಕಾಯಕ್ಕೆ 450ರಷ್ಟು ಪೆಪ್ಟೈಡ್ ಅಣುಗಳು ಮುತ್ತಿಕೊಂಡಿರುತ್ತವೆ. ನನ್ನ ಮೊದಲ ಸೀಸೆ ಮಾತ್ರ ಕಕ್ಕಡದ ಮಳೆಗೆ ಬಲಿಯಾಯಿತು: ಫ್ರೀಜರಿನಿಂದ ತೆಗೆದವನು ಅದು ಕೋಣೆಯ ತಾಪಕ್ಕೆ ಬರುವ ಮುನ್ನವೇ ಮುಚ್ಚಳ ತಿರುಗಿಸಿದೆ, ಹತ್ತಿಯಂತಿದ್ದ ಬಿಳಿಯ ಪುಡಿ ಕಣ್ಣೆದುರೇ ತೇವ ಹೀರಿ ತಳಕ್ಕೆ ಅಂಟಿನಂತೆ ಕಚ್ಚಿಕೊಂಡಿತು. ಅದರ ತೂಕವನ್ನು ನಂಬುವಂತಿರಲಿಲ್ಲ.

ಎರಡನೆಯ ಸೀಸೆಯ ಫಲಿತಾಂಶ ನೋಡಲು ಸೊಗಸಾಗಿತ್ತು. ಪೆಪ್ಟೈಡ್ ಬೆರೆಸಿದ ತುಂಡಿನಲ್ಲಿ ಎರಡು ಪಟ್ಟಿಗಳೂ ಮಾಯವಾಗಿದ್ದವು. ಸಂಬಂಧವಿಲ್ಲದ ಬೇರೊಂದು ಪೆಪ್ಟೈಡ್ ಬೆರೆಸಿದ ಮೂರನೆಯ ತುಂಡಿನಲ್ಲಿ ಎರಡೂ ಹಾಗೆಯೇ ಉಳಿದಿದ್ದವು. 40ರ ಪಟ್ಟಿಯೂ ಪಿ53 ಎಂದು ನೋಟ್‌ಬುಕ್ಕಿನಲ್ಲಿ ಬರೆದೂಬಿಟ್ಟೆ.

ಎಸ್‌ಐಆರ್‌ಎನ್‌ಎ ಎಂದರೆ ಒಂದು ಜೀನಿನ ಸಂದೇಶವನ್ನು ನಾಶಮಾಡಿ ಅದರ ಪ್ರೋಟೀನನ್ನು ತಗ್ಗಿಸುವ ಪುಟ್ಟ ಆರ್‌ಎನ್‌ಎ. ಆ ಪ್ರಯೋಗಕ್ಕೆ ಕೋಶಗಳನ್ನು ಮೂರು ದಿನ ಸಾಕಬೇಕು, ನಮ್ಮಲ್ಲಿ ಕರೆಂಟು ಹೋದರೆ ಇನ್‌ಕ್ಯುಬೇಟರಿನ ಮುಂದೆ ಕಾವಲು ಕೂರಬೇಕು. ಪಿ53 ಸಾಮಾನ್ಯ ಕೋಶದೊಳಗೆ ಬೇಗ ನಾಶವಾಗುವ ಪ್ರೋಟೀನಾದ್ದರಿಂದ ಅದರ ಪಟ್ಟಿ ಚೆನ್ನಾಗಿಯೇ ತೆಳುವಾಯಿತು, ಪೂರ್ತಿ ಅಳಿಯಲಿಲ್ಲ. 40ರದು ಕದಲಲೇ ಇಲ್ಲ. ಆ ಗಿಡ್ಡ ರೂಪವನ್ನು ನಮ್ಮ ಎಸ್‌ಐಆರ್‌ಎನ್‌ಎ ಮುಟ್ಟದಿರಬಹುದೆಂಬ ನೆಪ ಆಗಲೂ ನನ್ನ ಬಳಿ ಉಳಿದಿತ್ತು.

ಆ ನೆಪವನ್ನು ಮುರಿದದ್ದು ಎಚ್1299. ಈ ಶ್ವಾಸಕೋಶದ ಕ್ಯಾನ್ಸರ್ ಕೋಶಗಳಲ್ಲಿ ಪಿ53 ತಯಾರಾಗುವುದೇ ಇಲ್ಲ. ಕೋಶಗಳನ್ನೇ ತರಿಸಬೇಕಾಗಲಿಲ್ಲ, ಮೈಸೂರಿನ ಸ್ನೇಹಿತರೊಬ್ಬರು ಎಸ್‌ಡಿಎಸ್ ಎಂಬ ಮಾರ್ಜಕದ ದ್ರಾವಣದಲ್ಲಿ ಕುದಿಸಿದ ಕೋಶಗಳ ಸಾರವನ್ನು ಐಸ್ ಡಬ್ಬಿಯಲ್ಲಿಟ್ಟು ಬಸ್ಸಿನಲ್ಲಿ ಕಳುಹಿಸಿದರು. ಬ್ಲಾಟ್‌ನಲ್ಲಿ 53 ಇರಲಿಲ್ಲ, 40 ಮಾತ್ರ ಎಂಸಿಎಫ್-7ರಷ್ಟೇ ಗಟ್ಟಿಯಾಗಿ ಕುಳಿತಿತ್ತು. ನೋಟ್‌ಬುಕ್ಕಿನ ಸಾಲನ್ನು ಹೊಡೆದುಹಾಕಿದೆ.

ಪೆಪ್ಟೈಡ್ ಸುಳ್ಳು ಹೇಳಿರಲಿಲ್ಲ, ಅದಕ್ಕೆ ಕೇಳಿದ ಪ್ರಶ್ನೆಯೇ ಬೇರೆಯಾಗಿತ್ತು. ತೋಟದ ಲೈನ್ ಮನೆಗಳಲ್ಲಿ ಒಂದೇ ಕೀಲಿ ಪಕ್ಕದ ಮನೆಯ ಬೀಗಕ್ಕೂ ಹೊಂದುವುದುಂಟು. ಕೀಲಿಯ ಹಲ್ಲಿಗೆ ಮೇಣ ಮೆತ್ತಿದರೆ ಎರಡು ಬಾಗಿಲೂ ತೆರೆಯವು, ಅಷ್ಟರಿಂದ ಎರಡೂ ಒಬ್ಬರ ಮನೆಯಾಗುವುದಿಲ್ಲ. ಪೆಪ್ಟೈಡ್ ಹಾಕಿಯೂ ಉಳಿಯುವ ಪಟ್ಟಿಯನ್ನು, ಉದಾಹರಣೆಗೆ ಮೊದಲ ಪ್ರತಿಕಾಯವನ್ನು ಕಾಣಿಸಲು ಹಾಕುವ ದ್ವಿತೀಯಕ ಪ್ರತಿಕಾಯ ತಾನಾಗಿ ಅಂಟಿ ಮೂಡಿಸಿದ್ದನ್ನು, ಧೈರ್ಯವಾಗಿ ಕೈಬಿಡಬಹುದು. ಅಳಿದ ಪಟ್ಟಿಯನ್ನು ಒಪ್ಪಿಕೊಳ್ಳಲು ಬೇರೆ ಸಾಕ್ಷ್ಯ ಬೇಕು. 2016ರಲ್ಲಿ ನೇಚರ್ ಮೆಥಡ್ಸ್ ಪತ್ರಿಕೆಯಲ್ಲಿ ಅಂತರರಾಷ್ಟ್ರೀಯ ಕಾರ್ಯತಂಡವೊಂದು ಪ್ರತಿಕಾಯಗಳ ಪರೀಕ್ಷೆಗೆ ಸೂಚಿಸಿದ ಐದು ಆಧಾರಗಳಲ್ಲಿ ಜೀನನ್ನು ತೆಗೆಯುವುದು ಅಥವಾ ತಗ್ಗಿಸುವುದು ಇದೆ, ಪೆಪ್ಟೈಡ್ ತಡೆ ಇಲ್ಲ.

ರೋಗಿಗಳ ಅಂಗಾಂಶದ ಸ್ಲೈಡುಗಳಲ್ಲಿ, ಪಿ53 ಇಲ್ಲದ ಜೋಡಿ ಸಿಗದ ಕಡೆ, ನಾನು ಈಗಲೂ ಪೆಪ್ಟೈಡನ್ನೇ ಬಳಸುತ್ತೇನೆ. ಆದರೆ ವರದಿಯಲ್ಲಿ ‘ಬಣ್ಣ ಪೆಪ್ಟೈಡಿನಿಂದ ತಡೆಯಲ್ಪಟ್ಟಿತು’ ಎಂದಷ್ಟೇ ಬರೆಯುತ್ತೇನೆ.