ಫಾಂಡೆಲ್ವರ್ ಗಣಿಯ ಪೂರ್ವಕಥೆ: ಇದ್ದ ಹಾಗೇ ಆಡಿಸುವುದೋ, ಕೋಲಾರಕ್ಕೆ ತರುವುದೋ, ಕಾರಣ ಬದಲಿಸುವುದೋ?

'ಲಾಸ್ಟ್ ಮೈನ್ ಆಫ್ ಫಾಂಡೆಲ್ವರ್' 2014ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ಟೇಬಲ್ ಸುತ್ತ ಕೂತು ಪಾತ್ರ ವಹಿಸಿ ಡೈಸ್ ಉರುಳಿಸುವ ಕಥೆಯಾಟದ ಸ್ಟಾರ್ಟರ್ ಸೆಟ್ ಪೆಟ್ಟಿಗೆಯಲ್ಲಿ ಬಂದ ಕ್ಯಾಂಪೇನ್, ಅಂದರೆ ಹಲವು ಸೆಷನ್‌ಗಳ ಕಥೆ. ಪಾತ್ರಗಳು 1ನೇ ಲೆವೆಲ್‌ನಲ್ಲಿ ಹೊರಟು 5ಕ್ಕೆ ಮುಟ್ಟುತ್ತವೆ. ಕಥೆಯ ಬೇರು ಐನೂರು ವರ್ಷ ಹಿಂದಿನದು. ಡ್ವಾರ್ಫ್, ನೋಮ್ ಎಂಬ ಎರಡು ಕುಳ್ಳ ಜನಾಂಗದವರು ಒಪ್ಪಂದ ಮಾಡಿಕೊಂಡು ವೇವ್ ಎಕೋ ಗುಹೆಯಲ್ಲಿ ಗಣಿ ನಡೆಸಿದರು, ಮನುಷ್ಯ ಮಾಂತ್ರಿಕರು ಜೊತೆಗೂಡಿ ಮಂತ್ರದ ಕುಲುಮೆ ಹೂಡಿದರು. ಓರ್ಕ್ ಎಂಬ ರಾಕ್ಷಸರ ದಂಡು ಮೇಲೆ ಬಿದ್ದು ಎಲ್ಲವೂ ಹಾಳಾಯಿತು, ಗಣಿ ಎಲ್ಲಿತ್ತು ಅನ್ನುವುದೇ ಮರೆತುಹೋಯಿತು. ಈಗ ರಾಕ್‌ಸೀಕರ್ ಅಣ್ಣತಮ್ಮಂದಿರು ಮೂವರು ಅದರ ಬಾಗಿಲು ಪತ್ತೆ ಮಾಡಿದ್ದಾರೆ.

ಗಣಿ, ಚಿನ್ನ, ಮುಚ್ಚಿಹೋದ ಊರು ಎಂದರೆ ಕೋಲಾರ ಸೀಮೆಯ ಡಿಎಂಗಳಿಗೆ (ಡಂಜನ್ ಮಾಸ್ಟರ್, ಕಥೆ ಹೇಳಿ ಆಟ ನಡೆಸುವವರು) ಕೈ ತುರಿಸದೆ ಇರದು. ರಾಬರ್ಟ್‌ಸನ್‌ಪೇಟೆ, ಬಂಗಾರಪೇಟೆ ಕಡೆಯ ಆಟಗಾರರ ಜೊತೆ ಮೂರು ಬಗೆಯಲ್ಲೂ ಆಡಿಸಿ ನೋಡಿ ಬರೆದ ಹೋಲಿಕೆ ಇದು. ತೀರ್ಪು ಮೊದಲೇ ಹೇಳಿಬಿಡಬಹುದು: ಊರಿನ ಹೆಸರು ಬದಲಿಸುವುದಕ್ಕಿಂತ, ಗಣಿ ಯಾಕೆ ನಾಶವಾಯಿತು ಅನ್ನುವುದಕ್ಕೆ ಬೇರೆ ಉತ್ತರ ಕೊಡುವುದು ಹೆಚ್ಚು ಫಲ ಕೊಡುತ್ತದೆ. ಮುಂದೆ ಆಟಗಾರರಾಗಿ ಕೂರಲಿರುವವರು ಇಲ್ಲಿಗೇ ನಿಲ್ಲಿಸಿ. ಗುಟ್ಟೆಲ್ಲ ಕೆಳಗಿದೆ.

ಇದ್ದ ಹಾಗೇ, ಕನ್ನಡದಲ್ಲಿ

ತಯಾರಿ ಬಹಳ ಕಡಿಮೆ. ಪುಸ್ತಕ ಓದಿ, ಹೇಳುವುದನ್ನು ಕನ್ನಡದಲ್ಲಿ ಹೇಳಿದರೆ ಮುಗಿಯಿತು. ಆ ಅಣ್ಣತಮ್ಮಂದಿರಲ್ಲಿ ಒಬ್ಬನಾದ ಗುಂಡ್ರೆನ್ ತಲೆಗೆ 10 ಚಿನ್ನದ ನಾಣ್ಯ ಕೊಡುತ್ತೇನೆ, ಈ ಬಂಡಿ ಸಾಮಾನು ಫಾಂಡಾಲಿನ್‌ನಲ್ಲಿ ಬಾರ್ಥೆನ್ ಅಂಗಡಿಗೆ ಮುಟ್ಟಿಸಿ ಅನ್ನುತ್ತಾನೆ. ದಾರಿಯಲ್ಲಿ ಸತ್ತ ಕುದುರೆಗಳು, ಗಾಬ್ಲಿನ್ ಬಾಣಗಳು, ಆಟ ಶುರು.

ತೊಂದರೆ ಏನೆಂದರೆ ಪೂರ್ವಕಥೆ ಬಹುಪಾಲು ಡಿಎಂ ಓದುವ ಪುಟದಲ್ಲೇ ಉಳಿದುಬಿಡುತ್ತದೆ. ಹೊರಡುವಾಗ ಆಟಗಾರರ ಮಟ್ಟಿಗೆ ಗುಂಡ್ರೆನ್ 'ಏನೋ ದೊಡ್ಡದು ಸಿಕ್ಕಿದೆ' ಅಂದದ್ದಷ್ಟೇ ಗೊತ್ತು. ಒಪ್ಪಂದದ ಇತಿಹಾಸವನ್ನು ಗಾಬ್ಲಿನ್‌ಗಳಿಂದ ಬಿಡಿಸಿದ ಸಿಲ್ಡಾರ್ ಒಮ್ಮೆ ಹೇಳುತ್ತಾನೆ, ಆದರೆ ಆಗ ಅವರ ಗಮನವೆಲ್ಲ ಉಳಿದಿರುವ ಹಿಟ್ ಪಾಯಿಂಟ್ (ಜೀವಬಲ) ಮೇಲೆ. ಹೆಸರುಗಳದ್ದು ಇನ್ನೊಂದು ಕಾಟ. ಊರು ಫಾಂಡಾಲಿನ್, ಒಪ್ಪಂದ ಫಾಂಡೆಲ್ವರ್. ಅಣ್ಣತಮ್ಮಂದಿರು ಗುಂಡ್ರೆನ್, ಥಾರ್ಡೆನ್, ನುಂಡ್ರೋ. ಎರಡನೇ ಸೆಷನ್‌ಗೆ ಬರುವಷ್ಟರಲ್ಲಿ ಎಲ್ಲ ಕಲಸಿಹೋಗಿರುತ್ತದೆ. ಐದೇ ಹೆಸರು ದಪ್ಪ ಅಕ್ಷರದಲ್ಲಿ ಬರೆದು ಟೇಬಲ್ ಮೇಲೆ ನಿಲ್ಲಿಸಿ, ಉಳಿದವರನ್ನು ಕೆಲಸದಿಂದಲೇ ಕರೆಯಿರಿ: ಅಂಗಡಿಯವನು, ದೇವಸ್ಥಾನದ ಅಕ್ಕ, ಗಾಜಿನ ಕೋಲಿನವನು. ಡೈಸ್ ಮುಟ್ಟಿಯೇ ಇಲ್ಲದ ಹೊಸಬರಿಗೆ ಈ ದಾರಿ ಸಾಕು.

ಕೋಲಾರಕ್ಕೆ ತಂದರೆ

ಮೊದಲ ಅರ್ಧ ಗಂಟೆ ಇದಕ್ಕೆ ಸಾಟಿ ಇಲ್ಲ. ಶಾಫ್ಟ್ (ಗಣಿ ಬಾವಿ), ಕೇಜ್ (ಅದರಲ್ಲಿ ಇಳಿಸುವ ಪಂಜರ), ರೀಫ್ (ಚಿನ್ನದ ಬಂಡೆಪದರ), ಏರ್ ಬ್ಲಾಸ್ಟ್ (ಆಳದಲ್ಲಿ ಬಂಡೆ ಸಿಡಿಯುವುದು) ಯಾವುದನ್ನೂ ಬಿಡಿಸಿ ಹೇಳಬೇಕಿಲ್ಲ. ಚಿನ್ನ ತೆಗೆದು ಉಳಿದ ಮಣ್ಣಿನ ಸೈನೈಡ್ ದಿಬ್ಬದ ಬಣ್ಣ ಹೇಳಿದರೆ ಸಾಕು, ಉಳಿದ ಚಿತ್ರ ಅವರೇ ಕಟ್ಟಿಕೊಳ್ಳುತ್ತಾರೆ. ಕೆಲವು ಭಾಗಗಳಂತೂ ತಾವಾಗಿಯೇ ಕೂರುತ್ತವೆ. ವೇವ್ ಎಕೋದೊಳಗೆ ಕಡಲಲೆ ಬಡಿದಂಥ ಸದ್ದು ಆಗಾಗ ಮೊಳಗುತ್ತದೆ. ಕಡಲಿಲ್ಲದ ಸೀಮೆಯಲ್ಲಿ ಅದರ ಬದಲು ನೆಲದಾಳದ ಗುಡುಗು ಇಡಿ. ಕೆಜಿಎಫ್‌ನಲ್ಲಿ ಬಂಡೆ ಸಿಡಿದಾಗ ಮೇಲಿನ ಮನೆಗಳೂ ಅದುರುತ್ತಿದ್ದವು, ಹಾಗಾಗಿ ಆಟಗಾರರಿಗೆ ಅದು ಸುಮ್ಮನೆ ಹಿನ್ನೆಲೆ ಸದ್ದಾಗಿ ಕೇಳಿಸುವುದಿಲ್ಲ. 2001ರಲ್ಲಿ ಗಣಿ ಮುಚ್ಚಿ ಪಂಪು ನಿಂತ ಮೇಲೆ ಆಳದ ಸುರಂಗಗಳಲ್ಲಿ ನೀರು ತುಂಬಿಕೊಂಡಿತು. ಗುಹೆಯ ನಕ್ಷೆಯಿಂದಾಚೆ ಆಟಗಾರರು ಹೋಗಬಾರದು ಅನ್ನುವ ಕಡೆ 'ಕೆಳಗೆಲ್ಲ ನೀರು' ಅಂದರೆ ಯಾರೂ ಪ್ರಶ್ನಿಸುವುದಿಲ್ಲ. ಥಂಡರ್‌ಟ್ರೀ ಎಂಬ ಊರು ಹಾಳಾದದ್ದು ಪುಸ್ತಕದಲ್ಲಿ ಜ್ವಾಲಾಮುಖಿಯಿಂದ. ಇಲ್ಲಿ ಅದನ್ನು ಕೆರೆ ಏರಿ ಒಡೆದು ಜನ ಬಿಟ್ಟುಹೋದ ಬೇಚರಾಕ್ ಗ್ರಾಮ ಮಾಡಿದರೆ ಆಯಿತು. ಅಲ್ಲಿನ ಹಸಿರು ಡ್ರ್ಯಾಗನ್‌ಗೂ ಗಣಿಯ ಇತಿಹಾಸಕ್ಕೂ ಸಂಬಂಧವಿಲ್ಲ, ಅದನ್ನು ಅದರ ಪಾಡಿಗೆ ಬಿಡಿ.

ಮುರಿಯುವುದು ಕಥೆಯ ನಡುಕಂಬವೇ. ಇಡೀ ಕ್ಯಾಂಪೇನ್ ನಿಂತಿರುವುದು ಗಣಿ ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲ ಅನ್ನುವುದರ ಮೇಲೆ. ಕೆಜಿಎಫ್ ಎಲ್ಲಿದೆ ಎಂದು ಗೊತ್ತಿಲ್ಲದವರು ಯಾರು? 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಾಗಿನಿಂದ ಎಲ್ಲಕ್ಕೂ ನಕ್ಷೆ, ಲೆಕ್ಕ, ಹಾಜರಿ ಪುಸ್ತಕ ಇದೆ. ಆಟಗಾರರು ಮೊದಲ ಸೆಷನ್‌ನಲ್ಲೇ ಊರಿನ ಹಿರಿಯರನ್ನು ಕೇಳೋಣ ಅನ್ನುತ್ತಾರೆ. ಇಲ್ಲ ಅನ್ನಲು ಡಿಎಂ ಬಳಿ ಕಾರಣವಿರುವುದಿಲ್ಲ. ಕಾಲವನ್ನು ಹಿಂದಕ್ಕೆ ತಳ್ಳುವುದೊಂದೇ ಪರಿಹಾರ. ಲೆಫ್ಟಿನೆಂಟ್ ಜಾನ್ ವಾರನ್ 1802ರಲ್ಲಿ ಈ ಕಡೆ ಸರ್ವೆಗೆ ಬಂದಾಗಲೂ ಇಲ್ಲಿನ ಜನ ಮಣ್ಣು ತೊಳೆದು ಚಿನ್ನ ತೆಗೆಯುತ್ತಿದ್ದರು, ಹಳೆಯ ಅಗೆತದ ಗುಂಡಿಗಳೂ ಇದ್ದವು. ಕಥೆಯನ್ನು ಅದಕ್ಕೂ ಮೊದಲಿನ ಕಾಲದಲ್ಲಿ ನಿಲ್ಲಿಸಿದರೆ ಕಳೆದುಹೋದ ಗಣಿ ಮತ್ತೆ ನಂಬುವಂತಾಗುತ್ತದೆ. ಆದರೆ ಆಗ ಕೇಜೂ ಇಲ್ಲ, ಸೈನೈಡ್ ದಿಬ್ಬವೂ ಇಲ್ಲ. ಯಾವುದಕ್ಕಾಗಿ ಇಲ್ಲಿಗೆ ತಂದೆವೋ ಅದೇ ಕೈಬಿಟ್ಟುಹೋಗುತ್ತದೆ.

ಓರ್ಕ್‌ಗಳದ್ದು ಇದಕ್ಕಿಂತ ಸೂಕ್ಷ್ಮ. ಕಲ್ಪಿತ ನಾಡಿನಲ್ಲಿ 'ಹೊರಗಿನಿಂದ ಬಂದ ಕ್ರೂರ ದಂಡು' ನಡೆದುಹೋಗುತ್ತದೆ. ತಮಿಳು, ತೆಲುಗು, ಕನ್ನಡ, ಉರ್ದು ನಾಲ್ಕೂ ಒಂದೇ ಬೀದಿಯಲ್ಲಿ ಕೇಳುವ ಊರಿಗೆ ಅದನ್ನು ತಂದರೆ, ಆ ದಂಡು ಯಾರು ಅನ್ನುವ ಪ್ರಶ್ನೆ ಟೇಬಲ್ ಮೇಲೆ ಬಂದು ಕೂರುತ್ತದೆ. ಓರ್ಕ್‌ಗಳನ್ನು ಓರ್ಕ್‌ಗಳಾಗಿಯೇ ಬಿಡಿ, ಇಲ್ಲವೇ ಅವರನ್ನು ಕೂಲಿಗೆ ಕರೆಸಿದ ಒಬ್ಬ ಪಾಳೆಯಗಾರನನ್ನು ಸೃಷ್ಟಿಸಿ. ನಿಜವಾಗಿ ನಡೆದ ಗಣಿ ಅಪಘಾತಗಳನ್ನು ಮಾತ್ರ ಕಥೆಗೆ ಎಳೆಯಲೇಬೇಡಿ. ಎದುರು ಕೂತವರ ತಾತ ಆ ಶಿಫ್ಟ್‌ನಲ್ಲಿ ಇದ್ದಿರಬಹುದು.

ಕಾರಣ ಬದಲಿಸಿದರೆ

ಇಲ್ಲಿ ಊರು, ನಕ್ಷೆ, ಶತ್ರುಗಳ ಅಂಕಿಅಂಶ ಯಾವುದನ್ನೂ ಮುಟ್ಟುವುದಿಲ್ಲ. ಒಂದೇ ವಾಕ್ಯ ಬದಲಾಗುತ್ತದೆ: ಓರ್ಕ್‌ಗಳು ಬಾಗಿಲು ಒಡೆದು ಬರಲಿಲ್ಲ, ಒಪ್ಪಂದದವರಲ್ಲೇ ಒಬ್ಬರು ಒಳಗಿನಿಂದ ತೆಗೆದುಕೊಟ್ಟರು. ಇಷ್ಟರಿಂದ ಪೂರ್ವಕಥೆ ಹಳೇ ಪಾಠವಾಗಿ ಉಳಿಯದೆ ಈಗಿನ ಜಗಳವಾಗುತ್ತದೆ. ಗಣಿ ಯಾರ ಪಾಲು ಅನ್ನುವುದು ಬಾಗಿಲು ತೆಗೆದವರು ಯಾರು ಅನ್ನುವುದಕ್ಕೆ ಗಂಟುಬೀಳುತ್ತದೆ.

ಮಾಡುವ ಬಗೆ ಹೀಗೆ. ಆಟಗಾರರ ಸಂಖ್ಯೆಯಷ್ಟು ಚೀಟಿ ಬರೆಯಿರಿ, ಒಂದೊಂದರಲ್ಲಿ ಆ ಪಾತ್ರದ ಮನೆಯಲ್ಲಿ ಕೇಳಿಬಂದ ಒಂದೊಂದೇ ವಾಕ್ಯ ಇರಲಿ. ಡ್ವಾರ್ಫ್‌ಗೆ 'ನೋಮ್‌ಗಳು ಕೀಲಿ ಮಾರಿದರು', ನೋಮ್‌ಗೆ 'ಮಾಂತ್ರಿಕರು ಕುಲುಮೆಗಾಗಿ ನಮ್ಮನ್ನು ಬಲಿಕೊಟ್ಟರು', ಮನುಷ್ಯರಿಗೆ 'ಡ್ವಾರ್ಫ್‌ಗಳು ಪಾಲು ಕೊಡದೆ ಮೋಸ ಮಾಡಿದರು'. ಒಂದಕ್ಕೊಂದು ಹೊಂದಬಾರದು. ಎರಡು ವಾಕ್ಯ ಬರೆದರೆ ಎರಡನೆಯದನ್ನು ಯಾರೂ ನೆನಪಿಡುವುದಿಲ್ಲ.

ನಿಜವನ್ನು ಒಂದೇ ಕಡೆ ಇಟ್ಟರೆ ಕೆಟ್ಟಿತು, ಮೂರು ಕಡೆ ಇಡಿ. ಪುಸ್ತಕದಲ್ಲೇ ಇಬ್ಬರು ಸಾಕ್ಷಿಗಳು ಸಿದ್ಧವಾಗಿದ್ದಾರೆ. ಗುಹೆಯೊಳಗಿನ ಮಾರ್ಮೆಸ್ಕ್ ಒಬ್ಬ ಮಾಂತ್ರಿಕನ ಪ್ರೇತ, ಆ ಕಾಳಗದಲ್ಲಿ ಇದ್ದವನು. ಪ್ರೇತ ಕಂಡೊಡನೆ ಆಟಗಾರರು ಕತ್ತಿ ಎತ್ತುತ್ತಾರೆ, ಆದ್ದರಿಂದ ಅವನ ಮೊದಲ ಮಾತೇ ಆಪಾದನೆಯಾಗಿರಲಿ: "ಮತ್ತೆ ಬಾಗಿಲು ತೆಗೆಯೋಕೆ ಬಂದ್ರಾ?" ಅಂದರೆ ಕೈ ಸ್ವಲ್ಪ ತಡೆಯುತ್ತದೆ. ಇನ್ನೊಬ್ಬಳು ಕಾನಿಬೆರಿ ಬಳಿಯ ಬ್ಯಾನ್ಶೀ (ಹೆಣ್ಣು ಪ್ರೇತ) ಅಗಾಥಾ. ಬೆಳ್ಳಿ ಬಾಚಣಿಗೆ ಕೊಟ್ಟರೆ ಒಂದೇ ಪ್ರಶ್ನೆಗೆ ಉತ್ತರಿಸುತ್ತಾಳೆ. ಪುಸ್ತಕದ ಪ್ರಕಾರ ಆ ಪ್ರಶ್ನೆ ಒಂದು ಮಂತ್ರಗ್ರಂಥದ ಬಗ್ಗೆ ಆಗಬೇಕು, ಹಾಗಾಗಿ ಅವಳನ್ನೇ ನೆಚ್ಚಿಕೊಂಡು ಕೂರಬೇಡಿ. ಮೂರನೆಯದು ಗುಂಡ್ರೆನ್‌ನ ನಕ್ಷೆ. ಬಾಗಿಲ ಗುರುತಿನ ಪಕ್ಕ ದ್ರೋಹಿಯ ಮುದ್ರೆ ಬರೆದಿಡಿ. ಡಿಸಿ 15ರ ಹಿಸ್ಟರಿ ಚೆಕ್ (ಇತಿಹಾಸದ ಅರಿವಿಗೆ ಡೈಸ್ ಹಾಕಿ ಒಟ್ಟು 15 ಮುಟ್ಟುವುದು) ಗೆದ್ದವರಿಗೆ ಯಾವ ಮನೆತನದ್ದೆಂದು ಹೇಳಿ, ಸೋತವರಿಗೆ ಮುದ್ರೆಯ ಚಿತ್ರವನ್ನಾದರೂ ತೋರಿಸಿ.

ದ್ರೋಹಿ ಯಾರು ಅನ್ನುವುದು ಇಕ್ಕಟ್ಟಿನ ಜಾಗ. ರಾಕ್‌ಸೀಕರ್ ಪೂರ್ವಜನೇ ಅಂದರೆ ಬಿಗಿ ಚೆನ್ನಾಗಿ ಬರುತ್ತದೆ, ಆದರೆ ಗುಂಡ್ರೆನ್ ಸೆರೆಯಲ್ಲಿರುವ ಕ್ರ್ಯಾಗ್‌ಮಾ ಕೋಟೆ ಮುಟ್ಟುವ ಮೊದಲೇ ಆ ಸುದ್ದಿ ಆಟಗಾರರಿಗೆ ಸೋರಿದರೆ ಅವನನ್ನು ಬಿಡಿಸುವ ಗೋಜಿಗೇ ಯಾರೂ ಹೋಗುವುದಿಲ್ಲ. ನಕ್ಷೆ ಕೈಗೆ ಸಿಗುವುದು ಅವನನ್ನು ಬಿಡಿಸಿದ ಮೇಲೆಯೇ ಆಗಲಿ. ಇದರಿಂದ ಕಥೆಯ ಮುಖ್ಯ ಖಳ ನೆಜ್ನಾರ್‌ಗೂ ಜೀವ ಬರುತ್ತದೆ. ಪುಸ್ತಕದಲ್ಲಿ ಅವನಿಗೆ ಕುಲುಮೆ ಬೇಕು, ಅಷ್ಟೆ. ದ್ರೋಹಿಯ ಹಳೇ ಪತ್ರವೊಂದು ಅವನ ಕೈಯಲ್ಲಿದ್ದರೆ ಮಾತಾಡಲು, ಚೌಕಾಸಿ ಮಾಡಲು, ಆಟಗಾರರನ್ನು ಒಡೆಯಲು ಅವನಿಗೊಂದು ಆಯುಧ ಸಿಕ್ಕಂತೆ. ಒಂದು ಸಂಜೆಯ ತಯಾರಿ ಬೇಕು, ಅದರಲ್ಲಿ ಹೆಚ್ಚಿನ ಹೊತ್ತು ಚೀಟಿಗಳಿಗೇ ಹೋಗುತ್ತದೆ.

ಕೋಲಾರದ ರುಚಿ ಬೇಕೇ ಬೇಕು ಅನ್ನುವವರು ಎರಡನೇ ಬಗೆಯಿಂದ ನೆಲದ ಗುಡುಗು, ನೀರು ತುಂಬಿದ ಕೆಳಸುರಂಗ ಇವೆರಡನ್ನು ಇಲ್ಲಿಗೆ ಎತ್ತಿಕೊಳ್ಳಿ. ಎರಡೂ ನಕ್ಷೆಗೆ ಅಡ್ಡ ಬರುವುದಿಲ್ಲ.

2023ರ 'ಫಾಂಡೆಲ್ವರ್ ಅಂಡ್ ಬಿಲೋ' ಇದೇ ಕಥೆಯನ್ನು 12ನೇ ಲೆವೆಲ್‌ವರೆಗೆ ಬೆಳೆಸುತ್ತದೆ, ಒಡೆದ ಒಬೆಲಿಸ್ಕ್ (ಕಲ್ಲುಕಂಬ), ಮೈಂಡ್ ಫ್ಲೇಯರ್ ಎಂಬ ಮಿದುಳು ತಿನ್ನುವ ಜೀವಿಗಳ ಜೊತೆ ತನ್ನದೇ ಹಳೇ ಇತಿಹಾಸವನ್ನೂ ತರುತ್ತದೆ. ಅಲ್ಲಿಯವರೆಗೆ ಆಡಿಸುವ ಯೋಚನೆ ಇದ್ದರೆ ದ್ರೋಹಿಯ ಎಳೆಯನ್ನು ವೇವ್ ಎಕೋದೊಳಗೇ ಮುಗಿಸಿ, ಇಲ್ಲವೇ ಮೊದಲ ಬಗೆಯಲ್ಲೇ ಆಡಿಸಿ. ಎರಡು ಪೂರ್ವಕಥೆಗಳನ್ನು ಒಟ್ಟಿಗೆ ಎಳೆದರೆ ಆಟಗಾರರಿಗೆ ಎರಡೂ ನೆನಪಿರುವುದಿಲ್ಲ.