ಜೆಟ್ಸ್ 8ನೇ ನಂಬರ್ ಜರ್ಸಿ: ಬಟ್ಟೆಗೆ ಐದು ಸ್ಟಾರ್, ಒಳಗಿದ್ದೋನಿಗೆ ಎರಡು

ನ್ಯೂಯಾರ್ಕ್ ಜೆಟ್ಸ್ ಅನ್ನೋ ಅಮೆರಿಕನ್ ಫುಟ್‌ಬಾಲ್ ಟೀಮಿನ ಜರ್ಸಿ ಇದು. ಮೊದ್ಲು ಬಟ್ಟೆ ವಿಷ್ಯ ಹೇಳ್ಬಿಡ್ತೀನಿ. 2023ರ ಮೇ ತಿಂಗಳಲ್ಲಿ ತಗೊಂಡಿದ್ದು, ಹಸಿರು ಬಣ್ಣ, ಎದೆ ಮೇಲೂ ಬೆನ್ನ ಮೇಲೂ ಬಿಳೀ 8, ಹಿಂದುಗಡೆ ಆಟಗಾರ ರಾಜರ್ಸ್ ಹೆಸರು, 130 ಡಾಲರ್ ಹತ್ತತ್ರ ಬಿತ್ತು. ವಾಷಿಂಗ್ ಮಷೀನಿಗೆ ಎಷ್ಟು ಸಲ ಹೋಗಿ ಬಂದಿದ್ಯೋ ಲೆಕ್ಕ ಇಲ್ಲ, ಬಣ್ಣ ಒಂಚೂರೂ ಬಿಟ್ಟಿಲ್ಲ, ನಂಬರ್ ಸಿಪ್ಪೆ ಎದ್ದಿಲ್ಲ, ಹೊಲಿಗೆ ಗಟ್ಟಿ, ಚಳಿಗಾಲದಲ್ಲಿ ಒಳಗೆ ಸ್ವೆಟರ್ ಹಾಕ್ಕೊಂಡ್ರೂ ಹಿಡಿಯುತ್ತೆ. ಈಗ ನಂಗೆ ಅದು ನೈಟ್ ಡ್ರೆಸ್ಸು. ಯಾಕೆ ನೈಟ್ ಡ್ರೆಸ್ಸಾಯ್ತು ಅನ್ನೋದೇ ಈ ರಿವ್ಯೂ.

ನಾವಿರೋದು ನ್ಯೂಜೆರ್ಸಿ ಎಡಿಸನ್‌ನಲ್ಲಿ. ಇಲ್ಲಿ ಇಡ್ಲಿ ಹಿಟ್ಟು ಸಿಗುತ್ತೆ, ವೀಳ್ಯದೆಲೆ ಸಿಗುತ್ತೆ, ಗೌರಿ ಹಬ್ಬಕ್ಕೆ ಬಾಗಿನದ ಸಾಮಾನೂ ಸಿಗುತ್ತೆ, ಸಿಗದೇ ಇರೋದು ಅಂದ್ರೆ ಒಂದು ಗೆಲ್ಲೋ ಜೆಟ್ಸ್ ಟೀಮು. ಹೆಸರಲ್ಲಿ ನ್ಯೂಯಾರ್ಕ್ ಅಂತಿದ್ರೂ ಆಡೋದು ನಮ್ಮ ಈಸ್ಟ್ ರುದರ್‌ಫರ್ಡ್‌ನ ಮೆಟ್‌ಲೈಫ್ ಸ್ಟೇಡಿಯಂನಲ್ಲೇ. 1969ರ ಜನವರೀಲಿ ಜೋ ನೇಮತ್ ಗೆಲ್ಲಿಸಿದ ಒಂದು ಸೂಪರ್ ಬೌಲ್ (ಸೀಸನ್ನಿನ ಫೈನಲ್ಲು) ಬಿಟ್ರೆ ಇನ್ನೊಂದಿಲ್ಲ, 2010ರ ಸೀಸನ್ ಆದ್ಮೇಲೆ ಪ್ಲೇಆಫ್ ಮುಖಾನೂ ನೋಡಿಲ್ಲ. ಇಂಥ ಟೀಮ್ ಯಾಕಪ್ಪ ಹಿಡ್ಕೊಂಡೆ ಅಂತ ಕೇಳ್ಬೇಡಿ, ಹದಿನೆಂಟು ಸೀಸನ್ ಆರ್‌ಸಿಬಿ ಕಪ್ಪಿಗೆ ಕಾದೋನು ನಾನು, ಕಾಯೋದು ಅಭ್ಯಾಸ ಆಗೋಗಿದೆ.

ಅಮೆರಿಕನ್ ಫುಟ್‌ಬಾಲ್ ಗೊತ್ತಿಲ್ದೋರಿಗೆ ಒಂದೇ ಮಾತು: ಕ್ವಾರ್ಟರ್‌ಬ್ಯಾಕ್ ಅಂದ್ರೆ ಬಾಲ್ ಕೈಗೆ ಬಂದ ಎರಡು ಮೂರು ಸೆಕೆಂಡಲ್ಲಿ ಯಾರಿಗೆ ಎಸೀಬೇಕು ಅಂತ ತೀರ್ಮಾನ ಮಾಡೋನು, ಅವ್ನು ಸರಿ ಇಲ್ಲ ಅಂದ್ರೆ ಮಿಕ್ಕ 52 ಜನ ಎಷ್ಟು ಚೆನ್ನಾಗಿದ್ರೂ ಕಷ್ಟ. 2022ರಲ್ಲಿ ಜೆಟ್ಸ್ ಪರಿಸ್ಥಿತಿ ಸರಿಯಾಗಿ ಹಂಗೇ ಇತ್ತು. ಆ ವರ್ಷದ ಬೆಸ್ಟ್ ಹೊಸಬರ ಎರಡು ಪ್ರಶಸ್ತೀನೂ ನಮ್ಮೋರಿಗೇ, ಡಿಫೆನ್ಸಲ್ಲಿ ಸಾಸ್ ಗಾರ್ಡ್ನರ್, ಅಫೆನ್ಸಲ್ಲಿ ಗ್ಯಾರೆಟ್ ವಿಲ್ಸನ್, ಆದ್ರೂ 7 ಗೆದ್ದು 10 ಸೋತ್ರು, ಯಾಕಂದ್ರೆ 2021ರ ಡ್ರಾಫ್ಟಲ್ಲಿ (ಟೀಮುಗಳು ಸರದಿ ಪ್ರಕಾರ ಕಾಲೇಜು ಹುಡುಗ್ರನ್ನ ಆರಿಸ್ಕೊಳ್ಳೋದು) ಎರಡನೇ ನಂಬರಿಗೆ ತಂದ ಝ್ಯಾಕ್ ವಿಲ್ಸನ್ ಕೈಲಿ ಆಗ್ಲಿಲ್ಲ. ಆಗ ಎಲ್ರ ಕಣ್ಣೂ ಗ್ರೀನ್ ಬೇ ಟೀಮಿನ ಕ್ವಾರ್ಟರ್‌ಬ್ಯಾಕ್ ಕಡೆ. ನಾಲ್ಕು ಸಲ ಎಂವಿಪಿ ಅಂದ್ರೆ ವರ್ಷದ ಬೆಸ್ಟ್ ಆಟಗಾರ, ಒಂದು ಸೂಪರ್ ಬೌಲ್ ಗೆದ್ದಿರೋ ಆರನ್ ರಾಜರ್ಸ್, ವಯಸ್ಸು 39. ಹಿಂದಿನ ಸೀಸನ್ ಅವರದ್ದೂ ಸಾಧಾರಣ, 26 ಟಚ್‌ಡೌನ್ (ಬಾಲ್ ಕೊನೇ ಗೆರೆ ದಾಟಿಸಿ ಹೊಡೆಯೋ ಸ್ಕೋರು), 12 ಇಂಟರ್‌ಸೆಪ್ಷನ್ (ಎಸೆದ ಬಾಲ್ ಎದುರಾಳಿ ಕೈಗೆ ಹೋಗೋದು), ಟೀಮು 8-9, ಅಂದ್ರೆ 8 ಗೆದ್ದು 9 ಸೋತಿತ್ತು. ಆಮೇಲೆ ಮನುಷ್ಯ ಒರೆಗಾನ್‌ನಲ್ಲಿ ಕತ್ತಲೆ ಕೋಣೇಲಿ ನಾಲ್ಕು ದಿನ ಕೂತು ಬಂದ್ರು, ಮುಂದೆ ಆಡ್ಲೋ ಬೇಡ್ವೋ ಅಂತ ಯೋಚ್ನೆ ಮಾಡೋಕೆ. ನಮ್ಮಲ್ಲಾದ್ರೆ ಮನೆದೇವ್ರ ಹತ್ರ ಹೂವು ಕೇಳಿ ಮುಗಿಸ್ತಿದ್ರು.

2023ರ ಏಪ್ರಿಲ್‌ನಲ್ಲಿ ಜೆಟ್ಸ್‌ಗೆ ಬಂದ್ರು. ನೇಮತ್ ಅವರ 12ನೇ ನಂಬರನ್ನ ಟೀಮು ಬೇರೆ ಯಾರಿಗೂ ಕೊಡದಂಗೆ ಎಂದೋ ಎತ್ತಿಟ್ಟಿತ್ತು, ಬೇಕಾದ್ರೆ ಹಾಕ್ಕೋಪ್ಪ ಅಂತ ನೇಮತ್ತೇ ಒಪ್ಕೊಂಡಿದ್ರು, ರಾಜರ್ಸ್ ಬೇಡ ಅಂತ ಕಾಲೇಜಲ್ಲಿ ಹಾಕ್ತಿದ್ದ 8 ತಗೊಂಡ್ರು. ಆ ಒಂದು ಮರ್ಯಾದೆ ನೋಡೇ ನಾನು ಜರ್ಸಿ ಆರ್ಡರ್ ಮಾಡಿದ್ದು, ನಿಜ ಹೇಳ್ಬೇಕಂದ್ರೆ.

ಸೆಪ್ಟೆಂಬರ್ 11, 2023, ಸೋಮವಾರ ರಾತ್ರಿ. ನಮ್ಮನೇಲಿ ಆರೇಳು ಜನ, ಒಬ್ಬ ಹಾಸನದೋನು ಒಬ್ಬ ಧಾರವಾಡದೋನು, ಧಾರವಾಡದೋನು ಮಿರ್ಚಿ ಬಜ್ಜಿ ನಾನೇ ಮಾಡ್ತೀನಿ ಅಂತ ಒಲೆ ಹತ್ರ ನಿಂತಿದ್ದ. ರಾಜರ್ಸ್ ಕೈಲಿ ಅಮೆರಿಕದ ಬಾವುಟ ಹಿಡ್ಕೊಂಡು ಓಡ್ತಾ ಮೈದಾನಕ್ಕೆ ಬಂದ್ರು, ಟೀವೀಲಿ ಸ್ಟೇಡಿಯಂ ಗದ್ದಲ ನೋಡಿ ನಂಗೆ ಮೈ ಜುಮ್ಮಂತು. ನಾಲ್ಕನೇ ಸ್ನ್ಯಾಪು, ಅಂದ್ರೆ ನಾಲ್ಕನೇ ಸಲ ಆಟ ಶುರುವಾಗಿದ್ದು, ಎದುರಾಳಿ ಬಫಲೋದ ಲಿಯೊನಾರ್ಡ್ ಫ್ಲಾಯ್ಡ್ ಹಿಡ್ದು ಕೆಡವಿದ್ರು, ರಾಜರ್ಸ್ ಎದ್ದು ನಿಂತ್ಕೊಂಡ್ರು, ಆಮೇಲೆ ತಾವಾಗೇ ಕೂತ್ಬಿಟ್ರು. ಹಿಮ್ಮಡಿ ಮೇಲಿನ ಅಕಿಲೀಸ್ ನರ ಕಿತ್ತೋಗಿತ್ತು. ಮೊದಲನೇ ಬಜ್ಜಿ ಇನ್ನೂ ಎಣ್ಣೇಲಿತ್ತು ಗುರು. "ಏನಾತು, ಯಾಕ ಸುಮ್ಮನಾದ್ರಿ?" ಅಂತ ಅಡುಗೆಮನೆಯಿಂದ ಕೂಗ್ದ, ಯಾರೂ ಮಾತಾಡ್ಲಿಲ್ಲ. ತಮಾಷೆ ಅಂದ್ರೆ ಆ ಮ್ಯಾಚ್ ಜೆಟ್ಸೇ ಗೆದ್ರು, ಓವರ್‌ಟೈಮಲ್ಲಿ 22-16, ಹೊಸ ಹುಡುಗ ಝೇವಿಯರ್ ಗಿಪ್ಸನ್ ಎದುರಾಳಿ ಒದ್ದ ಬಾಲ್ (ಪಂಟ್) ಹಿಡ್ಕೊಂಡು ಓಡಿ ಗೆಲ್ಲಿಸ್ದ. ನಾವು ಸತ್ತ ಮನೇಲಿ ಪಟಾಕಿ ಹೊಡ್ದಂಗೆ ಕೂಗಾಡಿದ್ವಿ.

ಇದನ್ನ ದುರದೃಷ್ಟ ಅಂತ ತಳ್ಳಿಹಾಕೋರು ಇದಾರೆ, ಅರ್ಧ ಒಪ್ತೀನಿ, ಯಾವ ವಯಸ್ಸಲ್ಲೂ ಆ ನರ ಕೀಳ್ಬಹುದು. ಆದ್ರೆ ಆ ಪ್ಲೇಲಿ ರಾಜರ್ಸ್ ಎಡಗಡೆ ಕಾಯ್ತಿದ್ದ ಡ್ವೇನ್ ಬ್ರೌನ್ ವಯಸ್ಸು ಎಷ್ಟು ಗೊತ್ತಾ, 38. ಫ್ಲಾಯ್ಡ್ ಬಂದಿದ್ದು ಅವರನ್ನ ದಾಟ್ಕೊಂಡೇ. 39ರ ಮನುಷ್ಯನ್ನ ಕಾಯೋಕೆ 38ರ ಮನುಷ್ಯ! ಇನ್ನೊಂದು ಕೇಳಿ, ಇದು ನಂಗೆ ಇವತ್ತಿಗೂ ಹೊಟ್ಟೆ ಉರಿ. ರಾಜರ್ಸ್‌ನ ತರೋಕೆ ಜೆಟ್ಸ್ ಕೊಟ್ಟ ಸಾಮಾನಲ್ಲಿ ಆ ವರ್ಷದ ಡ್ರಾಫ್ಟಿನ 13ನೇ ಸರದೀನೂ ಇತ್ತು, ಅದನ್ನ ಕೊಟ್ಟು 15ನೇದು ಇಸ್ಕೊಂಡ್ರು, ಬರೀ ಎರಡು ಸ್ಥಾನ ಅಲ್ವಾ ಅಂತ. ಮಧ್ಯ 14ನೇ ಸರದಿಗೆ ಪಿಟ್ಸ್‌ಬರ್ಗ್ ಸ್ಟೀಲರ್ಸ್ ಮೇಲೆ ಹತ್ಕೊಂಡು ಬಂದು ಬ್ರೊಡೆರಿಕ್ ಜೋನ್ಸ್ ಅನ್ನೋ ಟ್ಯಾಕಲ್‌ನ ಎತ್ಕೊಂಡೋಗ್ಬಿಟ್ರು, ಅಂದ್ರೆ ಕ್ವಾರ್ಟರ್‌ಬ್ಯಾಕ್‌ನ ಕಾಯೋ ಕೆಲ್ಸದೋನನ್ನ. ಜೆಟ್ಸ್ 15ಕ್ಕೆ ತಗೊಂಡಿದ್ದು ವಿಲ್ ಮೆಕ್‌ಡೊನಾಲ್ಡ್‌ನ, ಎದುರಾಳಿ ಕ್ವಾರ್ಟರ್‌ಬ್ಯಾಕ್ ಮೇಲೆ ಬೀಳೋನು, ಒಳ್ಳೆ ಆಟಗಾರನೇ, ಆದ್ರೆ ಮನೆಗೆ ಚಿನ್ನ ತಂದು ಬಾಗಿಲಿಗೆ ಚಿಲಕ ಹಾಕಿಸ್ಲಿಲ್ಲ ಅಂದ್ರೆ ಹೆಂಗೆ?

ವಯಸ್ಸಾದ ಕ್ವಾರ್ಟರ್‌ಬ್ಯಾಕ್‌ನ ತಂದು ಗೆದ್ದೋರೂ ಇದಾರೆ, ಈಗ ಟಾಂಪಾ ಟೀಮು ನೋಡಿ. 2020ರ ಮಾರ್ಚಲ್ಲಿ ಟಾಮ್ ಬ್ರೇಡಿಗೆ 42, ಎರಡು ವರ್ಷಕ್ಕೆ 50 ಮಿಲಿಯನ್ ಡಾಲರ್. ತಲೆ ಕೆಟ್ಟಿದೆ ಅಂದ್ರು ಜನ. ಅದೇ ಡ್ರಾಫ್ಟಲ್ಲಿ 13ನೇ ಸರದಿಗೆ, ನೋಡಿ ಅದೇ 13, ಟಾಂಪಾದೋರು ಟ್ರಿಸ್ಟನ್ ವರ್ಫ್ಸ್ ಅನ್ನೋ ಟ್ಯಾಕಲ್ ತಗೊಂಡ್ರು. ಬಾಲ್ ಹಿಡಿಯೋಕೆ ಮೈಕ್ ಎವಾನ್ಸ್, ಕ್ರಿಸ್ ಗಾಡ್ವಿನ್ ಮೊದ್ಲೇ ಇದ್ರು, ಡಿಫೆನ್ಸ್ ಟಾಡ್ ಬೋಲ್ಸ್ ಕೈಲಿ, ಅವರು ನಾವು ಅಂದ್ರೆ ಜೆಟ್ಸ್ ಹೆಡ್ ಕೋಚ್ ಕೆಲ್ಸದಿಂದ ಕಳಿಸಿದ್ದ ಮನುಷ್ಯ, ಇರ್ಲಿ ಬಿಡಿ. ಹಿಂದಿನ ವರ್ಷ ಆ ಟೀಮು 7-9 ಆಗಿದ್ದಕ್ಕೆ ದೊಡ್ಡ ಕಾರಣ ಜೇಮಿಸ್ ವಿನ್‌ಸ್ಟನ್ ಎಸೆದ 30 ಇಂಟರ್‌ಸೆಪ್ಷನ್. ಬ್ರೇಡಿ ಬಂದು 12ಕ್ಕೆ ಇಳಿಸಿದ್ರು. ಸೀಸನ್ ಮಧ್ಯ 7-5 ಇದ್ದಾಗ ಮುಗೀತು ಕಥೆ ಅಂತಿದ್ರು, ಅಲ್ಲಿಂದ ಮುಂದೆ ಒಂದೂ ಸೋಲ್ಲಿಲ್ಲ, ಸೂಪರ್ ಬೌಲ್‌ನಲ್ಲಿ ಚೀಫ್ಸ್‌ನ 31-9ಕ್ಕೆ ಹೊಡ್ದು ಹಾಕಿದ್ರು, ಅದೂ ತಮ್ಮದೇ ಸ್ಟೇಡಿಯಂನಲ್ಲಿ. ಆಗ ಬ್ರೇಡಿಗೆ 43.

ವಯಸ್ಸಾದ್ಮೇಲೆ ಈ ಕೆಲ್ಸದಲ್ಲಿ ಏನು ಹೋಗುತ್ತೆ ಏನು ಉಳಿಯುತ್ತೆ ಅನ್ನೋದು ನಂಗೆ ಟಾಂಪಾ ನೋಡಿದ್ಮೇಲೇ ತಲೆಗೆ ಹೋಗಿದ್ದು. ಬಾಲ್ ಕೈಗೆ ಬರೋಕ್ಕೂ ಮುಂಚೆ ಎದುರಿನ ಹನ್ನೊಂದು ಜನ ಎಲ್ಲೆಲ್ಲಿ ನಿಂತಿದಾರೆ, ಯಾರು ನುಗ್ತಾನೆ, ಯಾರು ಸುಮ್ನೆ ನಾಟಕ ಆಡ್ತಿದಾನೆ, ಇದೆಲ್ಲ ಓದೋ ಕಣ್ಣು 40 ದಾಟಿದ್ರೂ ಚುರುಕಾಗೇ ಇರುತ್ತೆ, ಇಪ್ಪತ್ತು ವರ್ಷ ನೋಡಿರ್ತಾರಲ್ಲ. ಕೈ ಶಕ್ತೀನೂ ಅಷ್ಟು ಬೇಗ ಹೋಗಲ್ಲ. ಹೋಗೋದು ಕಾಲು. ಪ್ಲೇ ಕೆಟ್ಟೋದಾಗ ಪಕ್ಕಕ್ಕೆ ಹಾರಿ ಓಡಿ ಅಲ್ಲಿಂದ ಎಸೆಯೋದು, ರಾಜರ್ಸ್ ಫೇಮಸ್ ಆಗಿದ್ದೇ ಅದಕ್ಕೆ. ಬ್ರೇಡಿ ಯಾವತ್ತೂ ಓಡಿದೋರೇ ಅಲ್ಲ, ಹಂಗಾಗಿ ಕಳ್ಕೊಳ್ಳೋಕೆ ಅವರ ಹತ್ರ ಏನೂ ಇರ್ಲಿಲ್ಲ.

ಡೆನ್ವರ್‌ದು ಇನ್ನೊಂಥರ. 2012ರಲ್ಲಿ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ ಅಲ್ಲಿಗೆ ಬಂದಾಗ ಹಿಂದಿನ ಸೀಸನ್ ಪೂರ್ತಿ ಕುತ್ತಿಗೆ ಆಪರೇಷನ್‌ನಿಂದ ಆಡೇ ಇರ್ಲಿಲ್ಲ, ಇಂಡಿಯಾನಾಪೊಲಿಸ್ ಬಿಟ್ಟಾಕಿತ್ತು. ಡೆನ್ವರ್ 5 ವರ್ಷಕ್ಕೆ 96 ಮಿಲಿಯನ್ ಅಂತ ಬರ್ಕೊಟ್ರೂ ಮುಂದಿನ ವರ್ಷಗಳ ದುಡ್ಡಿಗೆ ಕುತ್ತಿಗೆ ನೆಟ್ಟಗಿರ್ಬೇಕು ಅನ್ನೋ ಷರತ್ತು ಇಟ್ಕೊಂಡಿತ್ತು, ಜಾಣರು. ಎರಡನೇ ವರ್ಷ 55 ಟಚ್‌ಡೌನ್, ರೆಕಾರ್ಡು. ಆ ವರ್ಷ ಸೂಪರ್ ಬೌಲ್‌ನಲ್ಲಿ ಸಿಯಾಟಲ್ ಕೈಲಿ 43-8 ಒದೆ ತಿಂದ್ರು, ಅದು ನಡೆದಿದ್ದೂ ನಮ್ಮ ಮೆಟ್‌ಲೈಫಲ್ಲೇ. ಕೊನೇ ವರ್ಷ 2015ರಲ್ಲಿ 9 ಟಚ್‌ಡೌನ್ 17 ಇಂಟರ್‌ಸೆಪ್ಷನ್, ಮಧ್ಯದಲ್ಲಿ ಬೆಂಚಿಗೂ ಹೋದ್ರು, ಆದ್ರೂ ಕಪ್ ಬಂತು, ಯಾಕಂದ್ರೆ ವಾನ್ ಮಿಲ್ಲರ್ ಮತ್ತೆ ಆ ಡಿಫೆನ್ಸು ಅವರನ್ನ ಹೆಗಲ ಮೇಲೆ ಹೊತ್ಕೊಂಡು ಹೋಯ್ತು. ಅಂದ್ರೆ ಕಪ್ ಗೆದ್ದ ವರ್ಷ ಹಳೇ ಸ್ಟಾರ್ ಮಾಡಬೇಕಾಗಿದ್ದ ಕೆಲ್ಸ ಬರೀ ಮನೆ ಕೆಡಿಸ್ದೇ ಇರೋದು.

ಜೆಟ್ಸ್‌ಗೆ ಇದು ಮೊದಲ್ನೇ ಸಲವೂ ಅಲ್ಲ, ಅದು ಇನ್ನೂ ಮಜಾ. 2008ರಲ್ಲಿ ಇದೇ ಗ್ರೀನ್ ಬೇಯಿಂದ, ಬ್ರೆಟ್ ಫಾರ್ವ್‌ನ 38ನೇ ವಯಸ್ಸಲ್ಲಿ ತಂದಿದ್ರು. ಗ್ರೀನ್ ಬೇ ಅವರನ್ನ ಬಿಟ್ಟಿದ್ದು ಯಾಕೆ, ಹಿಂದೆ ರಾಜರ್ಸ್ ಅನ್ನೋ ಹುಡುಗ ರೆಡಿ ಇದ್ದ ಅಂತ. ಫಾರ್ವ್ 8-3 ತನಕ ಎಳೆದ್ರು, ಆಮೇಲೆ ತೋಳು ಕೈಕೊಡ್ತು, 22 ಇಂಟರ್‌ಸೆಪ್ಷನ್, 9-7, ಪ್ಲೇಆಫ್ ಇಲ್ಲ, ಕೋಚ್ ಮನೆಗೆ. ಮುಂದಿನ ವರ್ಷ ಅದೇ ಮನುಷ್ಯ ಮಿನೆಸೋಟಾಗೆ ಹೋಗಿ 40ನೇ ವಯಸ್ಸಲ್ಲಿ 33 ಟಚ್‌ಡೌನ್, ಬರೀ 7 ಇಂಟರ್‌ಸೆಪ್ಷನ್, ಸೂಪರ್ ಬೌಲ್‌ಗೆ ಒಂದೇ ಮೆಟ್ಟಿಲು ಬಾಕಿ. ಅದರ ಮುಂದಿನ ವರ್ಷ 11 ಟಚ್‌ಡೌನ್ 19 ಇಂಟರ್‌ಸೆಪ್ಷನ್. ಹಿಂಗಿರುತ್ತೆ ಇವರ ಎಕ್ಸ್‌ಪೈರಿ ಡೇಟು, ಡಬ್ಬದ ಮೇಲೆ ಪ್ರಿಂಟ್ ಆಗಿರಲ್ಲ, ತೆಗೆದ್ಮೇಲೆ ವಾಸನೆ ಬಂದಾಗ್ಲೇ ಗೊತ್ತಾಗೋದು.

ರಾಜರ್ಸ್ 2024ರಲ್ಲಿ ವಾಪಸ್ ಬಂದ್ರು, 17 ಮ್ಯಾಚೂ ಆಡಿದ್ರು, 28 ಟಚ್‌ಡೌನ್ 11 ಇಂಟರ್‌ಸೆಪ್ಷನ್, ಕಾಗದದ ಮೇಲೆ ಅಂಥ ಕೆಟ್ಟದೇನಲ್ಲ. ಟೀಮು 5-12. ಲಂಡನ್ನಲ್ಲಿ ಮಿನೆಸೋಟಾ ಮೇಲೆ ಮೂರು ಇಂಟರ್‌ಸೆಪ್ಷನ್ ಎಸೆದು ಸೋತು ಬಂದ್ರು, ಎರಡು ದಿನಕ್ಕೆ ಕೋಚ್ ರಾಬರ್ಟ್ ಸಾಲೇ ಕೆಲ್ಸ ಹೋಯ್ತು, ನವೆಂಬರ್‌ನಲ್ಲಿ ಜನರಲ್ ಮ್ಯಾನೇಜರ್‌ದೂ ಹೋಯ್ತು. ಹಳೇ ಗೆಳೆಯರು ಲಜಾರ್ಡ್, ಕಾಬ್ 2023ರಲ್ಲೇ ಬಂದಾಗಿತ್ತು, 2024ರಲ್ಲಿ ಡವಾಂಟೆ ಆಡಮ್ಸ್ ಬಂದ್ರು, ಅಳಿಯ ಬರ್ತಾನೆ ಅಂದ್ರೆ ಬೀಗರ ಮನೆಯೋರೆಲ್ಲ ಬಂದು ಹಾಲ್‌ನಲ್ಲಿ ಹಾಸಿಗೆ ಹಾಸ್ಕೊಂಡಂಗೆ. ಬ್ರೇಡೀನೂ ಗ್ರಾಂಕಾವ್‌ಸ್ಕಿ, ಆಂಟೋನಿಯೊ ಬ್ರೌನ್‌ನ ಕರ್ಕೊಂಡೇ ಬಂದಿದ್ರು ಅಂತ ನೀವು ಕೇಳ್ಬಹುದು, ಕೇಳಿ, ಅವರಿಬ್ರೂ ಸೂಪರ್ ಬೌಲ್‌ನಲ್ಲೇ ಟಚ್‌ಡೌನ್ ಹೊಡೆದ್ರು, ಅಂಥ ನೆಂಟ್ರು ಎಷ್ಟು ದಿನ ಇದ್ರೂ ಊಟ ಹಾಕ್ಬಹುದು.

2025ರ ಫೆಬ್ರವರೀಲಿ ಜೆಟ್ಸ್ ಕೈಮುಗಿದ್ರು. ಮುಗಿದ್ಮೇಲೂ ಸ್ಯಾಲರಿ ಕ್ಯಾಪ್ (ಟೀಮು ಸಂಬಳಕ್ಕೆ ಖರ್ಚು ಮಾಡ್ಬಹುದಾದ ಮಿತಿ) ಲೆಕ್ಕದಲ್ಲಿ 49 ಮಿಲಿಯನ್ ಡಾಲರ್ ಬಾಕಿ, ಎರಡು ವರ್ಷಕ್ಕೆ ಹಂಚಿ ಸುಮ್ನೆ ಹೊರ್ಬೇಕು. ಸ್ಕೂಟರ್ ಮಾರಿದ್ಮೇಲೂ ಇಎಂಐ ಕಟ್ತಾ ಇರೋದು ಅಂತಾರಲ್ಲ, ಅದು.

ಆಮೇಲೆ ಜೂನ್‌ನಲ್ಲಿ ರಾಜರ್ಸ್‌ನ ತಗೊಂಡೋರು ಯಾರು? ಅದೇ ಸ್ಟೀಲರ್ಸ್, ನಮ್ಮ ಟ್ಯಾಕಲ್ ಎತ್ಕೊಂಡೋದೋರು! ಆದ್ರೆ ಅವರು ಕೊಟ್ಟ ರೇಟ್ ನೋಡಿ, ಒಂದೇ ವರ್ಷ, 13.65 ಮಿಲಿಯನ್, ನಾವು ವರ್ಷಕ್ಕೆ 37.5 ಲೆಕ್ಕದಲ್ಲಿ ಎರಡು ವರ್ಷಕ್ಕೆ 75 ಗ್ಯಾರಂಟಿ ಕೊಟ್ಟಿದ್ವಿ. ಡ್ರಾಫ್ಟ್ ಸರದಿ ಒಂದೂ ಕೊಡಬೇಕಾಗಿರ್ಲಿಲ್ಲ. ಧೋನೀನ ಚೆನ್ನೈ 2025ಕ್ಕೆ ಅನ್‌ಕ್ಯಾಪ್ಡ್ ಅಂತ 4 ಕೋಟಿಗೆ ಉಳಿಸ್ಕೊಂಡ್ರಲ್ಲ, ಆ ಥರ. ಆ ಸಲ ಚೆನ್ನೈ ಕೊನೇ ಸ್ಥಾನಕ್ಕೆ ಬಂತು ಅನ್ನೋದು ಬೇರೆ ಮಾತು, ಕಡಿಮೆ ರೇಟಿಗೆ ತಂದ್ರೆ ಸೋತ್ರೂ ಮನೆ ಮಾರ್ಕೋಬೇಕಾಗಲ್ಲ. ಸೀಸನ್ನಿನ ಮೊದಲ್ನೇ ಮ್ಯಾಚೇ ಮೆಟ್‌ಲೈಫಲ್ಲಿ, ಜೆಟ್ಸ್ ಮೇಲೆ, ರಾಜರ್ಸ್ ನಾಲ್ಕು ಟಚ್‌ಡೌನ್ ಎಸೆದು 34-32ಕ್ಕೆ ಗೆದ್ದು ಹೋದ್ರು. ನಾನು ಈ ಜರ್ಸಿ ಹಾಕ್ಕೊಂಡು ಟೀವಿ ಮುಂದೆ ಕೂತಿದ್ದೆ, ಯಾರ ಕಡೆ ಅಂತ ಮಗಳು ಕೇಳಿದ್ಳು, ಜರ್ಸಿ ಕಡೆ ಅಂದೆ. ಸ್ಟೀಲರ್ಸ್ ಕೊನೆಗೆ 10-7 ಆಗಿ ಡಿವಿಷನ್ ಗೆದ್ರು, ಪ್ಲೇಆಫ್‌ನ ಮೊದಲ ಮ್ಯಾಚಲ್ಲಿ ಹ್ಯೂಸ್ಟನ್ ಕೈಲಿ 30-6. ಕೊಟ್ಟ ದುಡ್ಡಿಗೆ ಸರಿಯಾದ ಸಾಮಾನು ಅದು, ಜಾಸ್ತೀನೂ ಇಲ್ಲ ಕಮ್ಮೀನೂ ಇಲ್ಲ.

ಹಂಗಾಗಿ ಯಾವ್ದೇ ಟೀಮ್ ಮಾಲೀಕ್ರು ಈ ರಿವ್ಯೂ ಓದ್ತಿದ್ರೆ (ಓದ್ತಾರೆ ಬಿಡಿ, ಕನ್ನಡದಲ್ಲಿ!), ಕ್ವಾರ್ಟರ್‌ಬ್ಯಾಕ್‌ನ ಕಾಯೋ ಲೈನು ಗಟ್ಟಿ ಇದ್ಯಾ, ಡಿಫೆನ್ಸು ಈಗಾಗ್ಲೇ ಮ್ಯಾಚ್ ಗೆಲ್ಲಿಸ್ತಿದ್ಯಾ, ಕ್ವಾರ್ಟರ್‌ಬ್ಯಾಕ್ ಒಬ್ಬನೇ ಬಾಲ್ ಎದುರಾಳಿ ಕೈಗೆ ಕೊಟ್ಟು ಕೆಡಿಸ್ತಿದಾನಾ, ಹಂಗಿದ್ರೆ 40ರ ಮನುಷ್ಯನ್ನ ಒಂದು ವರ್ಷಕ್ಕೆ ಧಾರಾಳವಾಗಿ ತನ್ನಿ, ಎರಡನೇ ವರ್ಷದ ದುಡ್ಡು ಆಮೇಲೆ ನೋಡೋಣ ಅನ್ನಿ. ಜನಕ್ಕೆ ಟಿಕೆಟ್ ಮಾರೋಕೆ ಒಂದು ಮುಖ ಬೇಕು ಅಂತ ತರೋದಾದ್ರೆ ಬೇಡ, ಆ ಕಥೇಲಿ ಕೊನೆಗೆ ಲಾಭ ಆಗೋದು ಜರ್ಸಿ ಮಾರೋರಿಗೆ.

ಜರ್ಸಿಗೆ ಬರೋಣ. ಬಿಸಿ ನೀರಲ್ಲಿ ಒಗೀಬೇಡಿ, ಉಲ್ಟಾ ಮಾಡಿ ಹಾಕಿ, ಡ್ರೈಯರ್‌ಗೆ ಬೇಡ. ಸೈಜು ಒಂದು ನಂಬರ್ ದೊಡ್ಡದೇ ಬರುತ್ತೆ, ಮೀಡಿಯಂ ಹಾಕೋರು ಸ್ಮಾಲ್ ತಗೊಳ್ಳಿ. ಹೆಸರಿರೋದು ಬೇಡ, ಬರೀ ನಂಬರ್ ಇರೋದು ಸಿಕ್ರೆ ಅದನ್ನೇ ತಗೊಳ್ಳಿ.